ಗೋಧಿಯಿಲ್ಲದ ಬಿಸ್ಕತ್ತಿನ ಹಿಂದಿನ ಕಥೆ

ಕಳೆದ ರಾಜ್ಯೋತ್ಸವದ ದಿನ ಸಂಘದ ಸಭಾಂಗಣದಲ್ಲಿ ಭಾಷಣಗಳೆಲ್ಲ ಮುಗಿದು ಚಹಾದ ಹೊತ್ತಾಗಿತ್ತು. ಸಾಲಿನಲ್ಲಿ ಬಿಸ್ಕತ್ತಿನ ತಟ್ಟೆ ಬಂತು. ನಮ್ಮ ಮಗಳು ಅದನ್ನು ಮುಂದಿನವರಿಗೆ ದಾಟಿಸಿ, ತನ್ನ ಚೀಲದಿಂದ ಸಣ್ಣ ಡಬ್ಬಿ ತೆಗೆದು, ಅದರಲ್ಲಿದ್ದ ಕಂದುಬಣ್ಣದ ಬಿಲ್ಲೆಯೊಂದನ್ನು ತಿನ್ನತೊಡಗಿದಳು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಏನಮ್ಮಾ ಪುಟ್ಟಿ, ಇಷ್ಟು ಸಣ್ಣ ವಯಸ್ಸಿಗೇ ಮಡಿಯೇ?" ಎಂದು ನಕ್ಕರು. "ಮಡಿ ಅಲ್ಲ ತಾತ, ನಂಗೆ ಗೋಧಿ ಆಗಲ್ಲ" ಎಂದಳು. "ಗೋಧಿ ಆಗಲ್ಲವೇ? ದೆಹಲಿಯಲ್ಲಿದ್ದುಕೊಂಡು!" ಎಂದು ಅವರು ನಮ್ಮ ಮುಖ ನೋಡಿದರು. ಮಗು ತಮಾಷೆ ಮಾಡುತ್ತಿದೆ ಎಂದೇ ಅವರ ಎಣಿಕೆ.

ಅವರು ನಂಬದಿದ್ದುದರಲ್ಲಿ ತಪ್ಪೇನೂ ಇಲ್ಲ. ಈ ಮಾತನ್ನು ನಂಬಲು ಲೋಕದ ದೊಡ್ಡ ದೊಡ್ಡ ವೈದ್ಯರಿಗೂ ಸಾವಿರದ ಎಂಟುನೂರು ವರ್ಷ ಹಿಡಿಯಿತು. ಅಂದು ಆ ಹಿರಿಯರಿಗೆ ಚಹಾ ಆರುವುದರೊಳಗೆ ಹೇಳಲಾಗದ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇವೆ. ಬಿಸ್ಕತ್ತಿಗೂ ಒಂದು ಚರಿತ್ರೆಯೇ ಎಂದು ವಾಚಕರು ಹುಬ್ಬೇರಿಸಬಾರದಾಗಿ ವಿನಂತಿ.

ಮೊದಲು ಮನೆಯ ಸಂಗತಿ. ಮಗಳಿಗೆ ಆರು ವರ್ಷವಾಗಿದ್ದಾಗ ಬೆಳವಣಿಗೆ ನಿಂತಂತೆ ತೋರಿತು. ಓರಗೆಯ ಮಕ್ಕಳೆಲ್ಲ ಗೇಣುದ್ದ ಬೆಳೆದರೂ ಇವಳ ಹಳೆಯ ಲಂಗ ಇವಳಿಗೇ ಆಗುತ್ತಿತ್ತು. ಮುಖ ಬಿಳಿಚಿಕೊಂಡಿತು, ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾದವು. ಜಂತುಹುಳು ಎಂದರು, ಔಷಧ ಕೊಟ್ಟೆವು. ರಕ್ತ ಕಡಿಮೆ ಎಂದರು, ಕಬ್ಬಿಣದ ಟಾನಿಕ್ ಕುಡಿಸಿದೆವು. ಸೀಸೆಯ ಮೇಲೆ ಸೀಸೆ ಮುಗಿದರೂ ರಕ್ತ ಏರಲಿಲ್ಲ. ಊರಿನಿಂದ ನಮ್ಮ ತಾಯಿ ಫೋನಿನಲ್ಲಿ, "ದೃಷ್ಟಿಯಾಗಿದೆ ಕಣಪ್ಪಾ, ಒಂದು ಸಲ ಊರಿಗೆ ಕರಕೊಂಡು ಬಾ" ಎನ್ನುತ್ತಿದ್ದರು. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಹುಡುಗಿ ನಿಜವಾಗಿಯೂ ಸುಧಾರಿಸುತ್ತಿದ್ದಳು! ಅಜ್ಜಿಯ ಇಳಿ ತೆಗೆಯುವಿಕೆಯಿಂದಲೇ ಎಂದು ಮನೆಯವರೆಲ್ಲ ನಂಬಿದ್ದೆವು. ಅಲ್ಲಿ ಮೂರು ಹೊತ್ತೂ ಮುದ್ದೆ, ಅನ್ನ. ಇಲ್ಲಿ ಮೂರು ಹೊತ್ತೂ ಚಪಾತಿ, ಬ್ರೆಡ್ಡು. ಬಿ.ಎಸ್ಸಿ. ಓದಿದ್ದ ನಮಗೂ ಆಗ ಅದು ಹೊಳೆಯಲಿಲ್ಲ. ಕೊನೆಗೆ ಮೂರನೆಯ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಸಣ್ಣ ಕರುಳಿನ ಚೂರೊಂದನ್ನು ತೆಗೆಸಿ ನೋಡಿ, "ಸೀಲಿಯಾಕ್" ಎಂದರು. ದೆಹಲಿಯ ಜನ ಇದನ್ನು "ಗೇಹೂಂ ಕೀ ಎಲರ್ಜಿ" ಎನ್ನುತ್ತಾರೆ. ಶಾಸ್ತ್ರದ ಪ್ರಕಾರ ಇದು ಎಲರ್ಜಿ ಅಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕರುಳಿನ ಮೇಲೆ ತಿರುಗಿಬೀಳುವುದು. ಇದಕ್ಕೆ ಗುಳಿಗೆಯಿಲ್ಲ, ಸೂಜಿಯಿಲ್ಲ. ಗೋಧಿ, ಬಾರ್ಲಿ, ರೈ ಈ ಮೂರನ್ನು ಜೀವಮಾನವಿಡೀ ಬಿಡುವುದೊಂದೇ ಚಿಕಿತ್ಸೆ.

ಈ ರೋಗದ ವರ್ಣನೆ ಬಹಳ ಹಳೆಯದು. ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ, ಕಪಡೋಶಿಯಾದ ಅರೆಟಿಯಸ್ ಎಂಬಾತ ತಿಂದದ್ದು ಅರಗದೆ ಸೊರಗುವ ರೋಗಿಗಳನ್ನು ಕುರಿತು ಬರೆದಿದ್ದಾನೆ. ಗ್ರೀಕಿನಲ್ಲಿ ಹೊಟ್ಟೆಗೆ ಕೊಯ್ಲಿಯಾ ಎನ್ನುತ್ತಾರೆ. ಇಂದಿನ ಹೆಸರು ಅದರಿಂದ ಬಂದದ್ದು. ಆಮೇಲೆ ಶತಮಾನಗಳ ಕಾಲ ಹೇಳಿಕೊಳ್ಳುವಂಥ ಬೆಳವಣಿಗೆ ಆಗಲಿಲ್ಲ.

1887ರ ಅಕ್ಟೋಬರಿನಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಲ್ಲಿ ಸಾಮ್ಯುಯೆಲ್ ಗೀ ಎಂಬ ವೈದ್ಯರು ಈ ರೋಗದ ಬಗ್ಗೆ ಉಪನ್ಯಾಸ ಕೊಟ್ಟರು. ಮರುವರ್ಷ ಅದು ಅಚ್ಚಾಯಿತು. ರೋಗಿ ವಾಸಿಯಾಗುವುದೇ ಆದರೆ ಅದು ಪಥ್ಯದಿಂದಲೇ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಆದರೆ ಯಾವ ಪಥ್ಯ? ಅಲ್ಲೇ ಸ್ವಾರಸ್ಯವಿರುವುದು. ಅನ್ನ ಕೂಡದು, ಸಾಬಕ್ಕಿ ಕೂಡದು, ಜೋಳದ ಹಿಟ್ಟು ಕೂಡದು. ತೆಳ್ಳಗೆ ಕೊಯ್ದು ಎರಡೂ ಕಡೆ ಚೆನ್ನಾಗಿ ಕಾಯಿಸಿದ ಬ್ರೆಡ್ ಮಾತ್ರ ಆಗಬಹುದು! ಅಂದರೆ ನಿರಪರಾಧಿಗಳನ್ನೆಲ್ಲ ಸೆರೆಗೆ ಹಾಕಿ ಕಳ್ಳನಿಗೆ ಬಾಗಿಲು ತೆರೆದಂತಾಯಿತು. ಅವರದೇ ರೋಗಿಯಾದ ಒಂದು ಮಗುವಿಗೆ ದಿನವೂ ಹಾಲೆಂಡಿನ ಮಳಿ, ಅಂದರೆ ನಮ್ಮ ಕರಾವಳಿಯವರು ತಿನ್ನುವಂಥ ಚಿಪ್ಪಿನ ಜೀವಿಗಳನ್ನು ಬೇಯಿಸಿ ಕೊಟ್ಟಾಗ ಅದು ಅದ್ಭುತವಾಗಿ ಚೇತರಿಸಿಕೊಂಡಿತಂತೆ. ಋತು ಮುಗಿದು ಮಳಿ ಸಿಗದಾಗ ರೋಗ ಮರಳಿತು. ಮರುವರ್ಷ ಆ ಮಗು ಮಳಿಯನ್ನು ಬಾಯಿಗೆ ಮುಟ್ಟಿಸಲಿಲ್ಲ. ಇದನ್ನೂ ಗೀ ಪ್ರಾಮಾಣಿಕವಾಗಿ ಬರೆದಿದ್ದಾರೆ. ಮಳಿಯಲ್ಲಿ ಏನಿದೆ ಎಂದು ಯೋಚಿಸುವುದು ಸುಲಭ. ಮಳಿ ತಿಂದ ದಿನ ಮಗು ಏನನ್ನು ತಿನ್ನಲಿಲ್ಲ ಎಂದು ಯೋಚಿಸುವುದು ಕಷ್ಟ.

ಅದೇ ತಪ್ಪು ಇನ್ನೊಮ್ಮೆ, ಇನ್ನೂ ಸಿಹಿಯಾಗಿ ಆಯಿತು. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ಮಕ್ಕಳ ವೈದ್ಯರು ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಬ್ರೆಡ್ ಇಲ್ಲ, ಬಿಸ್ಕತ್ತಿಲ್ಲ, ಆಲೂಗೆಡ್ಡೆಯಿಲ್ಲ, ಧಾನ್ಯವೇ ಇಲ್ಲ, ಬಾಳೆಹಣ್ಣು ಬೇಕಾದಷ್ಟು. ಸಾಯಲಿದ್ದ ಮಕ್ಕಳು ಎದ್ದು ಓಡಾಡಿದರು. ಕೀರ್ತಿಯೆಲ್ಲ ಬಾಳೆಹಣ್ಣಿಗೆ ಹೋಯಿತು. ವಾಸಿಯಾಯಿತೆಂದು ಮಕ್ಕಳನ್ನು ಮತ್ತೆ ಬ್ರೆಡ್ಡಿಗೆ ಹಚ್ಚಿದಾಗ ಒಳಗಿನ ಕರುಳು ಪುನಃ ಸವೆಯತೊಡಗುತ್ತಿತ್ತು. ಅದು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ.

ಕಳ್ಳನನ್ನು ಹಿಡಿದವರು ಹಾಲೆಂಡಿನ ವಿಲೆಮ್ ಕಾರೆಲ್ ಡಿಕೆ. 1905ರಲ್ಲಿ ಡಾರ್ಡ್ರೆಕ್ಟಿನಲ್ಲಿ ಹುಟ್ಟಿದ ಇವರು 1936ರಲ್ಲಿ, ಮೂವತ್ತೊಂದರ ಹರೆಯದಲ್ಲೇ, ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ನಿರ್ದೇಶಕರಾದರು. ಅದಕ್ಕೆ ಸ್ವಲ್ಪ ಮೊದಲು ಒಬ್ಬ ತಾಯಿ, ಬ್ರೆಡ್ ನಿಲ್ಲಿಸಿದರೆ ತನ್ನ ರೋಗಿ ಮಗುವಿನ ಮೈಮೇಲಿನ ಗುಳ್ಳೆಗಳು ಬೇಗ ಇಳಿಯುತ್ತವೆ ಎಂದು ಇವರಿಗೆ ಹೇಳಿದ್ದಳಂತೆ. ಬೇರೆ ವೈದ್ಯರಾಗಿದ್ದರೆ 'ಆಗಲಮ್ಮ' ಎಂದು ಕಳಿಸಿಬಿಡುತ್ತಿದ್ದರೋ ಏನೋ. ಡಿಕೆ ಆ ಮಾತನ್ನು ಹಿಡಿದುಕೊಂಡರು. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇರುತ್ತಿದ್ದ ಮಕ್ಕಳಿಗೆ ಒಂದಷ್ಟು ಕಾಲ ಗೋಧಿ ಬಿಡಿಸಿ, ಮತ್ತೆ ಕೊಟ್ಟು, ಮತ್ತೆ ಬಿಡಿಸಿ, ಎತ್ತರ ತೂಕಗಳನ್ನು ಗೆರೆ ಎಳೆದು ಗುರುತಿಸುತ್ತ ಹೋದರು. 1941ರಲ್ಲಿ ಡಚ್ ಭಾಷೆಯ ವೈದ್ಯಪತ್ರಿಕೆಯೊಂದರಲ್ಲಿ ಬ್ರೆಡ್ ಇಲ್ಲದ ಸರಳ ಪಥ್ಯವನ್ನು ಕುರಿತು ಬರೆದರು. ಯುದ್ಧದ ಗದ್ದಲದಲ್ಲಿ, ಹೊರಗಿನವರು ಓದದ ಭಾಷೆಯಲ್ಲಿ ಬಂದ ಆ ಬರಹ ಯಾರ ಗಮನಕ್ಕೂ ಬರಲಿಲ್ಲ. ಸಣ್ಣ ಭಾಷೆಯಲ್ಲಿ ದೊಡ್ಡ ಮಾತು ಹೇಳಿದವರ ಪಾಡು ಎಲ್ಲ ಕಡೆಯೂ ಒಂದೇ.

ಆಮೇಲೆ ಬಂದದ್ದು 1944ರ ಚಳಿಗಾಲ. ಹಾಲೆಂಡಿನ ದಕ್ಷಿಣ ಭಾಗ ಬಿಡುಗಡೆಯಾಗಿದ್ದರೂ ಆಮ್‌ಸ್ಟರ್‌ಡ್ಯಾಮ್, ಹೇಗ್, ರಾಟರ್‌ಡ್ಯಾಮ್ ನಗರಗಳಿದ್ದ ಪಶ್ಚಿಮ ಭಾಗ ಜರ್ಮನರ ಕೈಯಲ್ಲೇ ಇತ್ತು. ಮಿತ್ರಪಡೆಗಳಿಗೆ ನೆರವಾಗಲೆಂದು ಸೆಪ್ಟೆಂಬರಿನಲ್ಲಿ ರೈಲ್ವೆ ನೌಕರರು ಮುಷ್ಕರ ಹೂಡಿದರು. ಸೇಡಿಗೆ ಜರ್ಮನರು ಆಹಾರ ಸಾಗಣೆಯನ್ನು ತಡೆದರು. ಕಾಲುವೆಗಳು ಹೆಪ್ಪುಗಟ್ಟಿದವು. ತಲೆಗೆ ಸಿಗುತ್ತಿದ್ದ ಪಡಿತರ ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಜನ ಬೀಟ್‌ಗೆಡ್ಡೆ ತಿಂದರು, ಟ್ಯುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಸುಮಾರು ಇಪ್ಪತ್ತು ಸಾವಿರ ಜನ ಸತ್ತರು. ಡಚ್ಚರು ಅದನ್ನು ಇಂದಿಗೂ 'ಹಸಿವಿನ ಚಳಿಗಾಲ' ಎಂದೇ ಕರೆಯುತ್ತಾರೆ. ಊರಿಗೆ ಊರೇ ಸೊರಗುತ್ತಿದ್ದಾಗ, ಬ್ರೆಡ್ಡೇ ಸಿಗದ ಸೀಲಿಯಾಕ್ ಮಕ್ಕಳು ಮಾತ್ರ ಮೊದಲಿಗಿಂತ ಕೆಡಲಿಲ್ಲ. ಯುದ್ಧದ ಕೊನೆಯಲ್ಲಿ ಹೊರಗಿನಿಂದ ಹಿಟ್ಟು, ಬ್ರೆಡ್ಡು ಬಂದು ಎಲ್ಲರೂ ಸಂತೋಷಪಟ್ಟಾಗ ಆ ಮಕ್ಕಳು ಮಲಗಿದರು.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದಲೇ ಪ್ರಾರಂಭಿಸಿ, ಕ್ಷಾಮದಲ್ಲಿ ಡಿಕೆಯವರಿಗೆ ಒಮ್ಮೆಗೇ ಜ್ಞಾನೋದಯವಾಯಿತು ಎನ್ನುತ್ತಾರೆ. ನಮಗೆ ಅದು ಸರಿಯೆನಿಸುವುದಿಲ್ಲ. ತಾಯಿಯ ಮಾತೂ, ಮಕ್ಕಳ ತೂಕದ ಗೆರೆಗಳೂ, 1941ರ ಲೇಖನವೂ ಅದಕ್ಕೆ ಮೊದಲಿನವು. ಕ್ಷಾಮ ಮಾಡಿದ್ದು ಇಷ್ಟೆ: ಒಬ್ಬ ವೈದ್ಯ ಕೆಲವೇ ಮಕ್ಕಳ ಮೇಲೆ ಮಾಡಿ ನೋಡಿದ್ದನ್ನು ಒಂದು ದೇಶದ ಮೇಲೆ ಕ್ರೂರವಾಗಿ ಮಾಡಿ ತೋರಿಸಿತು. 1950ರಲ್ಲಿ ಡಿಕೆ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ತಮ್ಮ ಪ್ರಬಂಧವನ್ನು ಒಪ್ಪಿಸಿದರು. ರಸಾಯನ ಶಾಸ್ತ್ರಜ್ಞ ವಾನ್ ಡ ಕಾಮರ್ ಮಲದಲ್ಲಿ ಹೊರಬೀಳುವ ಕೊಬ್ಬನ್ನು ಅಳೆಯುವ ವಿಧಾನ ಕಂಡುಹಿಡಿದಿದ್ದರು. ಅವರೂ, ವೈದ್ಯ ವೇಯರ್ಸ್ ಅವರೂ ಡಿಕೆಯ ಜೊತೆಗೂಡಿದರು. ಗೋಧಿಯನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಕೊಟ್ಟು ನೋಡಿದಾಗ ಅದರ ಪಿಷ್ಟದಿಂದ ಕೇಡಿಲ್ಲ, ಅಂಟಿನಿಂದ ಕೇಡು, ಅದರಲ್ಲೂ ಮದ್ಯಸಾರದಲ್ಲಿ ಕರಗುವ ಗ್ಲೈಯಾಡಿನ್ ಎಂಬ ಭಾಗದಿಂದ ಎಂದು 1953ರಲ್ಲಿ ಪ್ರಕಟಿಸಿದರು. ಅಕ್ಕಿ, ಮೆಕ್ಕೆಜೋಳ ನಿರ್ದೋಷಿಗಳಾಗಿ ಹೊರಬಂದವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಷಾರ್ಲಟ್ ಆಂಡರ್ಸನ್ ಮೊದಲಾದವರು 1952ರಲ್ಲೇ ಅಂಟೇ ದೋಷಿಯೆಂದು ತೋರಿಸಿದ್ದರು. 1962ರಲ್ಲಿ ಡಿಕೆ ತೀರಿಕೊಂಡಾಗ ಅವರಿಗೆ ಐವತ್ತೇಳು ವರ್ಷ.

ಇಂಗ್ಲೆಂಡಿನಲ್ಲಿ 1968ರಲ್ಲಿ ಈ ರೋಗಿಗಳ ಸಂಘವೊಂದು ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಪೀಟರ್ ಬೆನೆನ್ಸನ್, ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸ್ಥಾಪಿಸಿದವರೇ. ಅವರಿಗೂ ಇದೇ ರೋಗವಿತ್ತು. ಸೆರೆಮನೆಯ ಕೈದಿಗಳಿಗಾಗಿ ಹೋರಾಡಿದ ವ್ಯಕ್ತಿ ಬ್ರೆಡ್ ತಿನ್ನಲಾಗದವರಿಗಾಗಿಯೂ ಕಾಗದ ಬರೆದರು ಎಂಬುದು ನಮ್ಮಂಥ ಗುಮಾಸ್ತರಿಗೆ ಮೆಚ್ಚುಗೆಯಾಗುವ ಸಂಗತಿ.

ಈಗ ಬಿಸ್ಕತ್ತಿಗೆ ಬರೋಣ. ಮೇಲೆ ಹೇಳಿದ ಅಂಟು ಕಣ್ಣಿಗೆ ಕಾಣದ ವಸ್ತುವಲ್ಲ. ಉತ್ತರ ಕರ್ನಾಟಕದ ಹೊಲಗಳಲ್ಲಿ ಹುಡುಗರು ಹಸಿ ಗೋಧಿಕಾಳನ್ನು ಬಾಯಿಗೆ ಹಾಕಿ ಅಗಿದು ಅಗಿದು ಚೂಯಿಂಗ್ ಗಮ್ ಮಾಡಿಕೊಳ್ಳುತ್ತಾರಲ್ಲ, ಅದೇ ಇದು. ಇಟಲಿಯ ಬೊಲೋನ್ಯಾದ ಬೆಕ್ಕಾರಿ ಎಂಬ ವಿದ್ವಾಂಸರು 1728ರಲ್ಲಿ ಗೋಧಿ ಹಿಟ್ಟಿನ ಕಣಕವನ್ನು ನೀರಿನಲ್ಲಿ ತೊಳೆದು ತೊಳೆದು, ಪಿಷ್ಟವೆಲ್ಲ ಹರಿದುಹೋದ ಮೇಲೆ ಉಳಿಯುವ ಅಂಟನ್ನು ತೋರಿಸಿದರು. 1745ರಲ್ಲಿ ಅದು ಅಚ್ಚಾಯಿತು. ನಾವು ಒಂದು ಭಾನುವಾರ ನಲ್ಲಿಯ ಕೆಳಗೆ ಇದನ್ನು ಮಾಡಿ ಮಗಳಿಗೆ ತೋರಿಸಿದೆವು. ರಬ್ಬರಿನಂತೆ ಎಳೆದರೆ ಬರುವ ಆ ಬೂದುಬಣ್ಣದ ಮುದ್ದೆಯನ್ನು ದೂರದಿಂದಲೇ ನೋಡಿ, "ಇದೇನಾ ನನ್ನ ಶತ್ರು?" ಎಂದಳು. ಹೌದು, ಮತ್ತು ಬ್ರೆಡ್ ಉಬ್ಬುವುದೂ, ಚಪಾತಿ ಹರಿಯದೆ ಲಟ್ಟಿಸಿಕೊಳ್ಳುವುದೂ, ಬಿಸ್ಕತ್ತು ಪುಡಿಯಾಗದೆ ನಿಲ್ಲುವುದೂ ಈ ಶತ್ರುವಿನಿಂದಲೇ.

ಬಿಸ್ಕತ್ತು ಎಂಬ ಮಾತಿನ ಮೂಲಾರ್ಥ ಎರಡು ಸಲ ಬೇಯಿಸಿದ್ದು ಎಂದು. ಅದು ಗರಿಗರಿಯಾಗಿ, ಒಣಗಿರಬೇಕಾದದ್ದು. ಅಮೆರಿಕದವರು ಕುಕೀ ಎನ್ನುವುದು ಬೇರೆ. ಅದರ ನಡು ಮೆದುವಾಗಿದ್ದು, ಹಲ್ಲಿಗೆ ಸಿಕ್ಕಿ ಜಗಿಯುವಂತಿರುತ್ತದೆ. ಆ ಮಾತು ಕೂಡ ಡಚ್ಚರದೇ. ಸಣ್ಣ ಕೇಕಿಗೆ ಅವರು ಕೂಕ್ಯೆ ಎನ್ನುತ್ತಾರೆ. 1664ರಲ್ಲಿ ಇಂಗ್ಲಿಷರ ಕೈಸೇರಿ ನ್ಯೂಯಾರ್ಕ್ ಆಗುವ ಮೊದಲು ಆ ಊರು ಡಚ್ಚರ ನ್ಯೂ ಆಮ್‌ಸ್ಟರ್‌ಡ್ಯಾಮ್ ಆಗಿತ್ತಷ್ಟೆ. ನಮ್ಮ ನಾನ್‌ಖಟಾಯಿಯೂ ಸೂರತ್ತಿನಲ್ಲಿದ್ದ ಡಚ್ಚರ ಬೇಕರಿಯಿಂದ ಪಾರ್ಸಿಯೊಬ್ಬರ ಕೈಗೆ ಬಂದು ಬೆಳೆದದ್ದೆಂದು ಸೂರತ್ತಿನಲ್ಲಿ ಕಥೆ ಹೇಳುತ್ತಾರೆ. ಕುಕೀ ಕೊಟ್ಟವರೂ ಡಚ್ಚರು, ನಮ್ಮ ಮಗಳಿಗೆ ಅದನ್ನು ಬಿಡಿಸಿದವರೂ ಡಚ್ಚರು!

ಮಗಳಿಗೆ ಬೇಕಾದದ್ದು ಅದೇ, ಶಾಲೆಯಲ್ಲಿ ಗೆಳತಿಯರು ತರುವಂಥ ಮೆದು ಕುಕೀ. ನಮ್ಮಾಕೆ ಮೊದಲು ಅಕ್ಕಿಹಿಟ್ಟಿನಲ್ಲಿ ಮಾಡಿದರು, ಮರಳಿನಂತೆ ಉದುರಿತು. ಬರೀ ರಾಗಿಯಲ್ಲಿ ಮಾಡಿದರು, ಬೆರಣಿಯಾಯಿತು. ಅಂಟು ಹೋದ ಜಾಗಕ್ಕೆ ಇನ್ನೊಂದು ಅಂಟು ಬೇಕು. ಅಮೆರಿಕದ ಪಿಯೋರಿಯಾದ ಸರ್ಕಾರಿ ಪ್ರಯೋಗಶಾಲೆಯಲ್ಲಿ ಅಲೀನ್ ಜೀನ್ಸ್ ಎಂಬ ರಸಾಯನ ಶಾಸ್ತ್ರಜ್ಞೆ ಮತ್ತು ಸಂಗಡಿಗರು, ಎಲೆಕೋಸಿಗೆ ಕಪ್ಪು ಕೊಳೆರೋಗ ತರುವ ಬ್ಯಾಕ್ಟೀರಿಯವನ್ನು ಸಕ್ಕರೆಯ ದ್ರಾವಣದಲ್ಲಿ ಬೆಳೆಸಿ ಕ್ಸಾಂಥನ್ ಎಂಬ ಅಂಟನ್ನು ಪಡೆದಿದ್ದರು. 1969ರಲ್ಲಿ ಅಲ್ಲಿನ ಸರ್ಕಾರ ಅದನ್ನು ಆಹಾರದಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ಅಂಗಡಿಯಲ್ಲಿ ಸಿಗುವ ಗೋಧಿಯಿಲ್ಲದ ಬ್ರೆಡ್ಡು ಕುಕೀಗಳಲ್ಲಿ ಹೆಚ್ಚಾಗಿ ಇರುವುದು ಅದೇ. ನಾವು ಅಷ್ಟು ದೂರ ಹೋಗಲಿಲ್ಲ. ಮೂಲೆಯ ಔಷಧದ ಅಂಗಡಿಯ ಇಸಬ್‌ಗೋಲ್ ಸಾಕಾಯಿತು. ನೀರು ಕುಡಿದು ಲೋಳೆಯಾಗಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ.

ಕೇಳುವವರಿಗಾಗಿ ಅಳತೆ ಹೇಳಿಬಿಡುತ್ತೇವೆ. ರಾಗಿಹಿಟ್ಟು 100 ಗ್ರಾಂ, ಅಕ್ಕಿಹಿಟ್ಟು 50, ಸಾಬಕ್ಕಿಯ ನುಣ್ಣನೆ ಪುಡಿ 25, ಬೆಣ್ಣೆ 100, ಪುಡಿ ಮಾಡಿದ ಬೆಲ್ಲ 120, ಒಂದು ಮೊಟ್ಟೆ, ಒಂದು ಚಮಚ ಇಸಬ್‌ಗೋಲ್, ಕಾಲು ಚಮಚ ಅಡಿಗೆ ಸೋಡ, ಚಿಟಿಕೆ ಉಪ್ಪು. ಕಲಸಿ ಅರ್ಧ ಗಂಟೆಯಾದರೂ ಬಿಡಬೇಕು. ಇಲ್ಲದಿದ್ದರೆ ಅಕ್ಕಿಹಿಟ್ಟು ನೀರು ಹೀರದೆ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. 175 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಅಂಚು ಗಟ್ಟಿಯಾಗಿ ನಡು ಇನ್ನೂ ಹಸಿಯೆಂಬಂತೆ ಕಾಣುವಾಗಲೇ ಹೊರತೆಗೆಯಬೇಕು, ತಣ್ಣಗಾಗುವವರೆಗೆ ಮುಟ್ಟಬಾರದು. ಮೆದುವಿನ ಗುಟ್ಟು ಬೆಲ್ಲದಲ್ಲಿದೆ. ಅದು ತೇವವನ್ನು ಬಿಟ್ಟುಕೊಡುವುದಿಲ್ಲ. ಸಕ್ಕರೆ ಹಾಕಿದರೆ ಗರಿಗರಿಯಾಗುತ್ತದೆ. ಮೊದಲ ಬಾರಿ ಸರಿಯಾಗಿ ಬಂದ ದಿನ ಮಗಳು ಐದು ತಿಂದಳು.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. ಆದರೆ ವರ್ಷದ ನಂತರದ ರಕ್ತಪರೀಕ್ಷೆಯಲ್ಲಿ ಅಂಕಿ ಇಳಿದಿರಲಿಲ್ಲ. "ಮನೆಯಲ್ಲಿ ಎಲ್ಲೋ ಗೋಧಿ ಸೇರುತ್ತಿದೆ, ನೋಡಿ" ಎಂದರು ವೈದ್ಯರು. ಮಗಳೇ ಕದ್ದು ತಿನ್ನುತ್ತಿದ್ದಾಳೆಂದು ನಾವು ಗದರಿದೆವು, ಅವಳು ಅತ್ತಳು. ಇಂಗಿನ ಡಬ್ಬಿಯ ಮೇಲಿನ ಸಣ್ಣಕ್ಷರ ಓದಿದರೆ ಅದರಲ್ಲಿ ಗೋಧಿಹಿಟ್ಟು ಬೆರೆತಿತ್ತು. ಅದನ್ನು ಬಿಸಾಡಿದೆವು. ಕೋಡುಬಳೆಗೆ, ನಿಪ್ಪಟ್ಟಿಗೆ ಸೇರಿಸುತ್ತಿದ್ದ ಚಿರೋಟಿ ರವೆಯನ್ನು ಮೊದಲೇ ಬಿಟ್ಟಿದ್ದೆವು. ಆದರೂ ಅಂಕಿ ಹಾಗೇ ನಿಂತಿತ್ತು.

ನಮ್ಮಾಕೆ ಒಂದು ದಿನ ಊರಿನಿಂದ ಬಂದ ರಾಗಿಯನ್ನು ಬೀಸಿಸಿಕೊಂಡು ಬಂದು, ಹಿಟ್ಟಿನ ಚೀಲ ಬಿಚ್ಚಿಟ್ಟು ಕೂತಿದ್ದರು. "ಅಲ್ರೀ, ನಮ್ಮ ರಾಗಿಹಿಟ್ಟು ಮೊದಲು ನಾಲ್ಕು ಹಿಡಿ ಬೆಳ್ಳಗೆ ಬೀಳುತ್ತಲ್ಲ, ಅದು ಯಾರ ಹಿಟ್ಟು?" ಎಂದರು. ಬಡಾವಣೆಯ ಚಕ್ಕಿಯಲ್ಲಿ ದಿನವಿಡೀ ಬೀಸುವುದು ಗೋಧಿ. ನಮ್ಮ ರಾಗಿ ಅದರ ಬೆನ್ನಿಗೇ ಹೋಗುತ್ತಿತ್ತು. ಅಂದು ರಾತ್ರಿ ನಾವು ಲೆಕ್ಕ ಹಾಕಿದೆವು. ಗೋಧಿಯಿಲ್ಲದ್ದು ಎಂದು ಹೆಸರು ಹಚ್ಚಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಅಂಟು ಮೀರಬಾರದು ಎಂಬುದು ನಿಯಮ. ಒಂದು ಸಣ್ಣ ಚಮಚ ಗೋಧಿಹಿಟ್ಟು ಮೂರು ಗ್ರಾಂ ಎಂದುಕೊಳ್ಳಿ. ಅದರಲ್ಲಿ ಅಂಟು ಹತ್ತಿರ ಹತ್ತಿರ ಹತ್ತನೆಯ ಒಂದು ಪಾಲು, ಅಂದರೆ 300 ಮಿಲಿಗ್ರಾಂ. ಒಂದು ಕಿಲೋ ರಾಗಿಯಲ್ಲಿ ಒಂದೇ ಚಮಚ ಸೇರಿದರೂ ಮಿತಿಯ ಹದಿನೈದು ಪಟ್ಟು. ನಮ್ಮದರಲ್ಲಿ ಸೇರುತ್ತಿದ್ದದ್ದು ಹಿಡಿಗಟ್ಟಲೆ. ಮಗಳಿಗೆಂದು ಅಕ್ಕರೆಯಿಂದ ಮಾಡಿದ ಅದೇ ಬಿಸ್ಕತ್ತು ಅವಳ ಕರುಳನ್ನು ತಿನ್ನುತ್ತಿತ್ತು. ಅವಳನ್ನು ಗದರಿದ್ದು ನೆನಪಾಗಿ ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಬೆಳಿಗ್ಗೆ ಎದ್ದು ಅವಳ ಕ್ಷಮೆ ಕೇಳಿದೆವು. "ಹೋಗ್ಲಿ ಬಿಡಪ್ಪ, ಇವತ್ತು ಡಬ್ಬಿಗೆ ಏನು?" ಎಂದಳು.

ಈಗ ಮನೆಯಲ್ಲೇ ಸಣ್ಣ ಬೀಸುವ ಯಂತ್ರ ಇಟ್ಟುಕೊಂಡಿದ್ದೇವೆ. ಅದರೊಳಗೆ ಗೋಧಿ ಹೋಗಕೂಡದು. ಎಂಟು ತಿಂಗಳಲ್ಲಿ ಅಂಕಿ ಇಳಿಯಿತು. ಹಳೆಯ ಲಂಗಗಳೆಲ್ಲ ಗಿಡ್ಡವಾದವು.

ನಮ್ಮ ಸಂಘದ ಕುಟುಂಬಗಳು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಉತ್ತರ ಭಾರತದ ಮಕ್ಕಳಲ್ಲಿ ಈ ರೋಗವಿರುವುದನ್ನು ಡಾ. ವಾಲಿಯಾ, ಡಾ. ಘಾಯ್ ಮೊದಲಾದವರು 1966ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ದೇಶದ ಮೂರು ಭಾಗಗಳ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ್ದರು. ಉತ್ತರದಲ್ಲಿ ಸಾವಿರಕ್ಕೆ ಸುಮಾರು 12 ಮಂದಿಯ ರಕ್ತದಲ್ಲಿ ಈ ರೋಗವನ್ನು ಸೂಚಿಸುವ ಪ್ರತಿಕಾಯಗಳು ಕಂಡವು. ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ. ರೋಗಕ್ಕೆ ದಾರಿ ಮಾಡಿಕೊಡುವ ವಂಶಗುಣ ಮಾತ್ರ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಬೇರೆಯಾಗಿದ್ದದ್ದು ತಟ್ಟೆ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಊರಿನಲ್ಲಿದ್ದಾಗ ಮುದ್ದೆ, ಜೋಳದ ರೊಟ್ಟಿ, ಅನ್ನ ತಿಂದುಕೊಂಡು ನಮ್ಮ ಹಿರಿಯರು ತಿಳಿಯದೆಯೇ ಪಥ್ಯದಲ್ಲಿದ್ದರೆಂದು ಕಾಣುತ್ತದೆ. ನೌಕರಿಗಾಗಿ ಬಂದ ನಾವು ರಕ್ತವನ್ನು ಊರಿನಿಂದ ತಂದು, ಊಟವನ್ನು ಇಲ್ಲಿಯದು ಮಾಡಿಕೊಂಡೆವು. ಮಕ್ಕಳಲ್ಲಿ ಟಾನಿಕ್ಕಿಗೆ ಬಗ್ಗದ ರಕ್ತಹೀನತೆ, ನಿಂತ ಬೆಳವಣಿಗೆ ಕಂಡರೆ ಒಮ್ಮೆ ಆ ಪರೀಕ್ಷೆ ಮಾಡಿಸಿ. ಒಂದು ಎಚ್ಚರಿಕೆ: ಪರೀಕ್ಷೆಗೆ ಮೊದಲೇ ಗೋಧಿ ಬಿಡಿಸಬೇಡಿ, ಬಿಡಿಸಿದರೆ ರೋಗ ಪತ್ತೆಯಾಗುವುದಿಲ್ಲ.

ನಮ್ಮ ಎದುರು ಮನೆಯ ಪಂಜಾಬಿ ಅಜ್ಜಿಯ ಮೊಮ್ಮಗನಿಗೂ ಇದೇ ತೊಂದರೆ. ಅವರು ಮೆಕ್ಕೆಜೋಳವನ್ನು ತಂದು ನಮ್ಮ ಯಂತ್ರದಲ್ಲಿ ಬೀಸಿಕೊಂಡು ಹೋಗುತ್ತಾರೆ. ಹೋಗುವಾಗ ರಾಗಿ ಬಿಸ್ಕತ್ತಿನ ಪೊಟ್ಟಣ ಒಯ್ಯುತ್ತಾರೆ. ರಾಗಿಗೆ ಏನೆನ್ನುತ್ತಾರೆಂದು ಅವರು ಕೇಳಿದಾಗ ನಮ್ಮ ಮಗಳು ಹಿಂದಿಯ ಮಡುವಾ ಎನ್ನದೆ ರಾಗಿ ಎಂದೇ ಕಲಿಸಿದಳು. ಮೊನ್ನೆ ಅಜ್ಜಿ ಬಾಗಿಲಲ್ಲಿ ನಿಂತು, "ರಾಗೀ ಹೈ ಕ್ಯಾ, ಬೇಟಾ?" ಎಂದು ಕೂಗುತ್ತಿದ್ದರು.